ಕಡುನೀಲಿ ಗೋಡೆ

“ಈ ಕೋಣೆಗೆ ಮಾತ್ರ ಗಾಢ ಬಣ್ಣ ಬೇಡಮ್ಮ,” ಎಂದ ಪೇಂಟರ್, ಹೊಸ್ತಿಲು ದಾಟದೆ. “ಸೊಸೆ ಮನೆ ಬಿಟ್ಟು ಹೋಗಬಾರದು ಅಂತ ಹಿಂದೆ ಇಲ್ಲಿದ್ದ ಅತ್ತೆ ಮಾಟ ಮಾಡಿಸಿದ್ಲು. ಆ ಹುಡುಗಿ ಕೂದಲು ಸುಟ್ಟ ಬೂದಿ ಗಾರೆಯೊಳಗಿದೆ. ತಿಳಿ ಬಣ್ಣ ಇರೋವರೆಗೂ ಅದು ಮಲಗಿರುತ್ತೆ. ಗಾಢ ಬಣ್ಣ ಕಂಡ್ರೆ ಏಳುತ್ತೆ. ಎದ್ದ ಮೇಲೆ ಒಬ್ಬರನ್ನ ಹಿಡೀದೆ ಬಿಡಲ್ಲ.”

ತಂಗಿ ನಕ್ಕಳು. “ಡಬ್ಬಿ ಜೊತೆ ಕತೆನೂ ಪುಕ್ಕಟೆನಾ?”

ಪೇಂಟರ್ ಡಬ್ಬಿಗಳನ್ನು ಹೊಸ್ತಿಲಲ್ಲೇ ಇಟ್ಟು ಹೊರಟುಹೋದ.

ಅಕ್ಕ-ತಂಗಿ ಕೂಡಿ ಕೊಂಡ ಮೊದಲ ಮನೆ ಅದು. ಕೆನೆ ಬಣ್ಣಕ್ಕೆ ಕೋಣೆ ದೊಡ್ಡದಾಗಿ ಕಾಣುತ್ತದೆಂದು ಅಕ್ಕ. ಕಡುನೀಲಿಗೆ ಕಣ್ಣು ತುಂಬ ನಿದ್ದೆ ಬರುತ್ತದೆಂದು ತಂಗಿ. ಎದುರುಬದುರು ಗೋಡೆಗಳಿಗೆ ಒಂದೊಂದು ಬಳಿದು ನೋಡುವುದೆಂದಾಯಿತು. ಅಕ್ಕ ಹಿಂದೇಟು ಹಾಕಿದರೂ ತಂಗಿ ಕೇಳಲಿಲ್ಲ.

ಮಧ್ಯಾಹ್ನಕ್ಕೆ ಎರಡೂ ಒಣಗಿದವು. ಅಕ್ಕ ಅಡುಗೆಮನೆಯಲ್ಲಿದ್ದಳು. ಹೋಲಿಸಿ ನೋಡಲು ತಂಗಿ ಕೋಣೆಯ ನಡುವೆ ನಿಂತಳು. ಬಣ್ಣದ ಘಾಟಿನ ಅಡಿಯಿಂದ ಸುಟ್ಟ ಕೂದಲಿನ ಕಮರು ಎದ್ದಿತು. ಕೆನೆಗೋಡೆ ಬಿಸಿಲನ್ನು ತಿರುಗಿ ಚೆಲ್ಲುತ್ತಿತ್ತು, ನೀಲಿಗೋಡೆ ನುಂಗುತ್ತಿತ್ತು. ಗಾಢ ಬಣ್ಣದ ಗೋಡೆ ಹತ್ತಿರವಿದ್ದಂತೆ ಕಾಣುವುದು ಸಹಜ ಎಂದುಕೊಂಡಳು. ಅಷ್ಟರಲ್ಲಿ ಆ ಗೋಡೆಗೆ ಒರಗಿಸಿದ್ದ ಏಣಿ ಕಿರ್ರೆಂದು ಅವಳತ್ತ ಸರಿಯಿತು.

ಬಾಗಿಲಿಗೆ ಓಡಿದಳು. ಬಾಗಿಲಿರಲಿಲ್ಲ. ನೀಲಿ ಬಣ್ಣ ಮೂಲೆ ತಿರುಗಿ ಹರಿದು ಅದನ್ನು ಮುಚ್ಚಿತ್ತು. ಕಿಟಕಿಯೂ ಹೋಯಿತು. ಕತ್ತಲು. ಎದೆಗೆ ಗೋಡೆ. ಬೆನ್ನಿಗೆ ಗೋಡೆ. ಉಸಿರಿಗೂ ಜಾಗವಿಲ್ಲ.

“ಅಕ್ಕಾ, ಬಾಗಿಲು ಸಿಗ್ತಿಲ್ಲ ಕಣೆ.”

ಅಕ್ಕ ಓಡಿಬಂದಳು. ಹೊರಗಿನಿಂದ ಬಾಗಿಲು ತೆರೆದೇ ಇತ್ತು. ಚೌಕಟ್ಟಿನ ತುಂಬ ಬರೀ ನೀಲಿ. ಭುಜದವರೆಗೆ ತೋಳು ತೂರಿಸಿದಳು. ತಣ್ಣನೆಯ ಬೆರಳು ಸಿಕ್ಕಿತು. ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಒಳಗಿನ ಬಿಕ್ಕು ಸಣ್ಣದಾಗುತ್ತಿತ್ತು. ಪೇಂಟರನ ಮಾತು ಅಕ್ಕನೂ ಕೇಳಿಸಿಕೊಂಡಿದ್ದಳು. ಅದಕ್ಕೆ ಒಬ್ಬರು ಸಾಕು.

ಅವಳು ಒಳಗೆ ಹೆಜ್ಜೆಯಿಟ್ಟಳು.

ತಂಗಿ ನಡುಮನೆಯ ನೆಲದ ಮೇಲೆ ಬಂದು ಬಿದ್ದಳು. ತಿರುಗಿ ನೋಡಿದರೆ ಬಾಗಿಲಿದ್ದಲ್ಲಿ ಬೋಳು ಗೋಡೆ. ಸುತ್ತಿಗೆ ತಂದು ಬೀಸಿದಳು. ಗಾರೆ ಉದುರಿತು. ಮತ್ತೊಂದು ಏಟು.

“ಹೊಡೀಬೇಡ ಕಣೆ,” ಗೋಡೆಯೊಳಗಿಂದ ಅಕ್ಕನ ದನಿ. “ನೀ ಹೊಡೆದಷ್ಟೂ ಇಲ್ಲಿ ಜಾಗ ಕಮ್ಮಿಯಾಗ್ತಿದೆ.”

ತಂಗಿ ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು, ಗೋಡೆಗೆ ಕೆನ್ನೆಯೊತ್ತಿದಳು.

“ಈಗ ಎಷ್ಟಿದೆ, ಅಕ್ಕ?”

ಒಳಗೆ ಅಂಗೈಗಳು ಗಾರೆ ತಡವುವ ಸದ್ದು.

“ಕೂತ್ಕೋಬಹುದು. ನಿಲ್ಲೋಕಾಗಲ್ಲ.”