ಅಡುಗೆಮನೆಯ ಹತ್ತೊಂಬತ್ತು ಸೆಕೆಂಡು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಒಬ್ಬ ಹೆಂಗಸು ತನ್ನ ಗಂಡನಿಗೆ ಮಾತ್ರ ಆಡಿದ ಮಾತು ಇದರಲ್ಲಿ ಬರುತ್ತದೆ. ಅದನ್ನು ಕೇಳುವ ಹಕ್ಕು ಠಾಣೆಯವರಿಗೂ ಇರಲಿಲ್ಲ, ಓದುವ ಹಕ್ಕು ನಮಗೂ ಇಲ್ಲ. ಆದರೆ ಆ ಮಾತನ್ನು ಬಿಟ್ಟುಬಿಟ್ಟರೆ ಆದ ಅನ್ಯಾಯ ಏನೆಂದು ತಿಳಿಯುವುದಿಲ್ಲ. ಎಷ್ಟು ಬೇಕೋ ಅಷ್ಟನ್ನೇ ಬರೆಯಲಾಗಿದೆ. ಹೆಚ್ಚಾಗಿದ್ದರೆ ತಪ್ಪು ಬರೆದವರದು.

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಬ್ಬ ಔಷಧಿ ವ್ಯಾಪಾರಿ ಠಾಣೆಗೆ ಬಂದು, ಟೈಪ್ ಮಾಡಿಸಿದ ದೂರನ್ನು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟರು. ದೂರು ಸ್ವಂತ ಅತ್ತಿಗೆಯ ಮೇಲೆ. ವ್ಯಾಪಾರಿಯ ಅಣ್ಣ ಪಾರ್ಶ್ವವಾಯು ಬಡಿದು ಆರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಮಾತಿಲ್ಲ, ಕೈಕಾಲು ಆಡುವುದಿಲ್ಲ. ನೋಡಿಕೊಳ್ಳುವವರು ಹೆಂಡತಿಯೊಬ್ಬರೇ, ನಿವೃತ್ತ ನರ್ಸ್. ಆಕೆ ಗಂಡನನ್ನು ಮುಗಿಸುವ ಆಲೋಚನೆಯಲ್ಲಿದ್ದಾರೆ, ಗುರುವಾರದೊಳಗೆ ಅಣ್ಣನನ್ನು ಆಕೆಯಿಂದ ಬಿಡಿಸಿ ಆರೈಕೆ ಕೇಂದ್ರಕ್ಕೆ ಸೇರಿಸಬೇಕು, ಪೊಲೀಸರು ಜೊತೆಗೆ ಬರಬೇಕು ಎಂದು ದೂರಿನಲ್ಲಿತ್ತು.

"ಆಧಾರ?" ಎಂದರು ಇನ್‌ಸ್ಪೆಕ್ಟರ್.

ವ್ಯಾಪಾರಿ ಫೋನನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಕುಕ್ಕರಿನ ಸೀಟಿ, ನಲ್ಲಿಯ ನೀರು, ಆಮೇಲೆ ಹೆಂಗಸಿನ ದನಿ: "ಸಾಕಾಯ್ತು ರೀ. ನನ್ ಕೈಲಿ ಇನ್ನಾಗಲ್ಲ. ಹೊರಟುಬಿಡಿ. ಹೆದರಬೇಡಿ, ನಾನಿದೀನಿ, ಹೊರಟುಬಿಡಿ." ಒಟ್ಟು ಹತ್ತೊಂಬತ್ತು ಸೆಕೆಂಡು.

ಈ ಇನ್‌ಸ್ಪೆಕ್ಟರನ್ನು ಸಿಬ್ಬಂದಿ ಬೆನ್ನ ಹಿಂದೆ 'ಎರಡು ಸಲ' ಎಂದು ಕರೆಯುತ್ತಿದ್ದರು. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವ, ಸಹಿ ಮಾಡುವ ಮುನ್ನ ಎರಡು ಸಲ ಓದುವ ಮನುಷ್ಯ. ಆ ತುಣುಕನ್ನೂ ಎರಡು ಸಲ ಕೇಳಿದರು. ಬಾಗಿಲು ತೆರೆದೇ ಇತ್ತು. ಹೊರಗಿದ್ದ ನಾಲ್ವರು ಕಾನ್‌ಸ್ಟೆಬಲ್‌ಗಳೂ ಕೇಳಿದರು.

ಹನ್ನೆರಡೂವರೆಗೆ ನರ್ಸಮ್ಮನನ್ನು ಕರೆಸಲಾಯಿತು. ಎದುರುಮನೆಯ ಟೈಲರನ್ನು ಗಂಡನ ಬಳಿ ಕೂರಿಸಿ ಬಂದಿದ್ದರು. ಇನ್‌ಸ್ಪೆಕ್ಟರ್ ಎಲ್ಲರ ಮುಂದೆಯೇ ಮತ್ತೊಮ್ಮೆ ಗುಂಡಿ ಒತ್ತಿದರು. ತಮ್ಮದೇ ದನಿ ಕೇಳಿ ಆಕೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು, ಯಾರೋ ಬಚ್ಚಲ ಬಾಗಿಲು ತಳ್ಳಿದಂತೆ.

"ಇದು ನಿಮ್ಮ ದನೀನಾ?"

"ನಂದೇ."

"ಯಾರಿಗೆ ಹೇಳಿದ್ದು?"

"ನಮ್ಮ ಯಜಮಾನರಿಗೆ. ಹೋದ ತಿಂಗಳು, ಅವರಿಗೆ ಬೆನ್ನುಹುಣ್ಣು ಒಡೆದಿದ್ದ ದಿನ. ಮೂರು ಸಲ ಹಾಸಿಗೆ ಬದಲಾಯಿಸಿದ್ದೆ. ಆಡಿದ್ದು ಹೌದು ಸಾರ್. ಆದ್ರೆ ನಿಮಗಲ್ಲ ಆಡಿದ್ದು."

ಇನ್‌ಸ್ಪೆಕ್ಟರಿಗೆ ಮುಂದಿನ ಪ್ರಶ್ನೆ ಹೊಳೆಯಲಿಲ್ಲ. ಹೊಳೆದದ್ದು ಠಾಣೆಯ ಕಡತ ಬರೆಯುವ ಹೆಡ್ ಕಾನ್‌ಸ್ಟೆಬಲ್‌ಗೆ. ಎಲ್ಲರೂ ರೈಟರಮ್ಮ ಎನ್ನುತ್ತಿದ್ದ ಆಕೆ ಪೆನ್ನು ಕೆಳಗಿಟ್ಟು ಕೇಳಿದರು: "ಸಾರ್, ಮನೇಲಿ ಇರೋದು ಇಬ್ರೇ. ಯಜಮಾನರ ಕೈ ಆಡಲ್ಲ. ಹಾಗಾದ್ರೆ ಇದನ್ನ ರೆಕಾರ್ಡ್ ಮಾಡಿದ್ಯಾರು?"

'ಎರಡು ಸಲ' ಸಾಹೇಬರ ಕಿವಿ ಬಿಸಿಯಾಯಿತು. ಮೊದಲು ಕೇಳಬೇಕಾದದ್ದನ್ನು ಒಂದು ಸಲವೂ ಕೇಳಿರಲಿಲ್ಲ.

"ಇದು ನಿಮಗೆ ಎಲ್ಲಿಂದ ಬಂತು?" ಎಂದು ಅಲ್ಲೇ ಕೂತಿದ್ದ ವ್ಯಾಪಾರಿಯ ಕಡೆ ತಿರುಗಿದರು.

"ಯಾವುದೋ ನಂಬರಿಂದ ಬಂತು. ಹಿತೈಷಿ ಅಂತ ಬರೆದಿತ್ತು."

"ಯಾರು ಅಂತ ಕೇಳಲಿಲ್ವಾ?"

"ಅಣ್ಣನ ಪ್ರಾಣದ ವಿಷಯ ಸಾರ್. ಕಳಿಸಿದವರ ಜಾತಕ ನೋಡ್ತಾ ಕೂರ್ಲಾ?"

"ನೋಡ್ಬೇಕಿತ್ತು," ಎಂದರು ರೈಟರಮ್ಮ. ಆ ನಂಬರಿಗೆ ಕರೆ ಮಾಡಿದಾಗ ಅದು ಆಫ್ ಆಗಿತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಇನ್‌ಸ್ಪೆಕ್ಟರೂ ರೈಟರಮ್ಮನೂ ಆ ಮನೆಗೆ ಹೋದರು. ಎರಡು ಕೋಣೆ, ಒಂದು ಅಡುಗೆಮನೆ. ರೋಗಿಯ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ನೇರವಾಗಿ ಹಾಕಿತ್ತು. ಆಕೆ ಒಲೆಯ ಮುಂದೆ ನಿಂತೇ ಅವರ ಮುಖ ನೋಡಬಹುದು. ದಿನವೂ ಮಾತಾಡಿಸುತ್ತಿರಿ, ಕಿವಿಗೆ ಬೀಳುತ್ತಿರಲಿ ಎಂದು ವೈದ್ಯರು ಹೇಳಿದ್ದರಂತೆ. ಬೆಳಗಿನಿಂದ ಮಲಗುವವರೆಗೆ ಆಕೆ ಮಾತಾಡುತ್ತಲೇ ಇದ್ದರು. ಹಾಲು ಒಡೆದದ್ದು, ಪಕ್ಕದ ಮನೆಯವರ ಜಗಳ, ತಮ್ಮ ಮಂಡಿನೋವು, ಎಲ್ಲವೂ ಅದರಲ್ಲಿತ್ತು.

ಫ್ರಿಜ್ಜಿನ ಮೇಲಿನ ಶೆಲ್ಫಿನಲ್ಲಿ ಉಪ್ಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದಿತ್ತು.

"ಇದೇನಮ್ಮಾ?"

"ಮೈದುನ ತಂದುಕೊಟ್ಟಿದ್ದು. ಫಿಟ್ಟರ್ ಹುಡುಗ ಬಂದು ಕೂರಿಸಿಹೋದ. ಕಾವಲು ಪೆಟ್ಟಿಗೆ ಅಂತೆ. ಇವರು ನರಳಿದ್ರೆ ಕೂಗಿ ಹೇಳುತ್ತೆ."

"ನರಳೋದನ್ನ ಕೇಳ್ಬೇಕು ಅಂದ್ರೆ ಎಲ್ಲಾನೂ ಕೇಳ್ಬೇಕಲ್ಲ," ಎಂದು ರೈಟರಮ್ಮ ಅದನ್ನು ತಿರುಗಿಸಿ ನೋಡಿದರು. ಮಾತು ಕೇಳದಂತೆ ಪೆಟ್ಟಿಗೆಯ ಕಿವಿ ಮುಚ್ಚುವ ಗುಂಡಿ ಅದರ ಬೆನ್ನಿಗೆ, ಗೋಡೆಯ ಕಡೆಗೆ, ಉಗುರಿನಷ್ಟು ದೊಡ್ಡದಿತ್ತು. ಅದನ್ನು ನರ್ಸಮ್ಮನಿಗೆ ಯಾರೂ ತೋರಿಸಿರಲಿಲ್ಲ. ಅವರ ಫೋನಿನಲ್ಲಿ ಪೆಟ್ಟಿಗೆಗೆ ಸಂಬಂಧಿಸಿದ್ದು ಏನೂ ಇರಲಿಲ್ಲ.

ಪೆಟ್ಟಿಗೆಯ ಕೆಳಗಿದ್ದ ಸಹಾಯವಾಣಿಗೆ ಹತ್ತು ಐದಕ್ಕೆ ಕರೆ ಮಾಡಿದರು. ನರ್ಸಮ್ಮ ಹೆಸರು, ವಿಳಾಸ, ಪೆಟ್ಟಿಗೆಯ ಸಂಖ್ಯೆ ಹೇಳಿದರು. ಅತ್ತ ಕಡೆಯ ಹುಡುಗಿ ಬಹಳ ವಿನಯದಿಂದ ಹೇಳಿದಳು: "ಕ್ಷಮಿಸಿ ಮೇಡಂ, ಖಾತೆಯ ಹೆಸರು ಹೊಂದಾಣಿಕೆ ಆಗ್ತಿಲ್ಲ. ಈ ಉಪಕರಣ ನಿಮ್ಮದಲ್ಲ."

"ನನ್ನ ಅಡುಗೆಮನೇಲಿದೆ ಕಣಮ್ಮಾ."

"ಇರಬಹುದು ಮೇಡಂ. ಖಾತೆದಾರರೇ ಕರೆ ಮಾಡ್ಬೇಕು. ಇನ್ನೊಬ್ಬರ ಗೋಪ್ಯತೆಯ ವಿಷಯ."

ಇನ್‌ಸ್ಪೆಕ್ಟರ್ ಫೋನ್ ಕಿತ್ತುಕೊಂಡರು. ಹತ್ತು ನಿಮಿಷದ ನಂತರ ಕಂಪನಿಯ ಕಾನೂನು ಅಧಿಕಾರಿ ಸಿಕ್ಕಿದರು. ಎಲ್ಲ ಕ್ರಮಬದ್ಧವಾಗಿದೆ, ಮೂವತ್ತೊಂದು ಪುಟದ ಒಪ್ಪಂದಕ್ಕೆ ಖಾತೆದಾರರ ಸಮ್ಮತಿ ದಾಖಲಾಗಿದೆ ಎಂದರು.

"ಮಾತಾಡೋದು ಈಯಮ್ಮ. ಸಮ್ಮತಿ ಕೊಟ್ಟಿದ್ದು ಇನ್ಯಾರೋ. ಇದು ಯಾವ ಸೀಮೆ ಕ್ರಮ ರೀ?"

"ಲಿಖಿತವಾಗಿ ಕಳಿಸಿ. ಪರಿಶೀಲಿಸ್ತೀವಿ."

ಇನ್‌ಸ್ಪೆಕ್ಟರ್ ಸಿಟ್ಟಿನಿಂದ ಫೋನನ್ನು ಕುಕ್ಕಿದರು. ಕಳ್ಳ ಕಿಟಕಿ ಮುರಿದು ಬಂದರೆ ಹೆಜ್ಜೆ ಗುರುತಾದರೂ ಸಿಗುತ್ತದೆ. ಇಲ್ಲಿ ಮನೆಯೊಡತಿಯೇ ಬಾಗಿಲು ತೆಗೆದು, ನೀರು ಕೊಟ್ಟು, ಶೆಲ್ಫು ಒರೆಸಿ ಜಾಗ ಮಾಡಿಕೊಟ್ಟಿದ್ದರು. ಅಷ್ಟಾದ ಮೇಲೂ ಗೋಪ್ಯತೆ ಆಕೆಯದಲ್ಲ, ಇನ್ನೊಬ್ಬರದು. ಇಷ್ಟೆಲ್ಲ ಸಿಟ್ಟಿನ ನಡುವೆಯೂ, ನಿನ್ನೆ ಬಾಗಿಲು ತೆರೆದಿಟ್ಟು ಅದನ್ನು ಮೂರು ಸಲ ಹಾಕಿದ್ದು ತಾನೇ ಎಂಬುದು ಅವರ ತಲೆಯಿಂದ ಹೋಗಲಿಲ್ಲ.

ಟೈಲರನ್ನೂ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನನ್ನೂ ಪಂಚರನ್ನಾಗಿ ಮಾಡಿಕೊಂಡು ಹನ್ನೊಂದು ಗಂಟೆಗೆ ಪಂಚನಾಮೆ ಬರೆದರು. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದರು. ಮಧ್ಯಾಹ್ನ ಎರಡಕ್ಕೆ ನರ್ಸಮ್ಮನಿಂದ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಖಾತೆ ತನ್ನದೂ ಅಲ್ಲವೆಂದು ವ್ಯಾಪಾರಿ ಫೋನ್ ತೆಗೆದು ತೋರಿಸಿದ್ದರು. ಒಂದನೇ ಆರೋಪಿ, ಹೆಸರು ತಿಳಿದಿಲ್ಲ. ಎರಡನೇ ಆರೋಪಿ, ಪೆಟ್ಟಿಗೆ ತಯಾರಿಸಿದ ಕಂಪನಿ. ಸಂಜೆ ಮೇಲಧಿಕಾರಿ ಫೋನ್ ಮಾಡಿದರು. "ಕಂಪನೀನ ಯಾಕ್ರೀ ಎಳೀತೀರಾ? ಕೋರ್ಟಲ್ಲಿ ನಿಲ್ಲುತ್ತಾ ಇದು?" ನಿಲ್ಲುವುದೋ ಇಲ್ಲವೋ ಇನ್‌ಸ್ಪೆಕ್ಟರಿಗೆ ಗೊತ್ತಿರಲಿಲ್ಲ. ಎಫ್‌ಐಆರನ್ನು ಎರಡು ಸಲ ಓದಿದರು. ಕಂಪನಿಯ ಹೆಸರನ್ನು ಹೊಡೆದು ಹಾಕಲಿಲ್ಲ.

ಇತ್ತ ವ್ಯಾಪಾರಿ ಗುರುವಾರಕ್ಕೆಂದು ಆಂಬುಲೆನ್ಸಿಗೆ ಹೇಳಿಯಾಗಿತ್ತು. ಉಳಿದದ್ದು ಬುಧವಾರ ಒಂದೇ ದಿನ.

ವಾರಂಟಿ ಕಾರ್ಡಿನ ಮೇಲೆ ಸರ್ವಿಸ್ ಸೆಂಟರಿನ ಮುದ್ರೆಯಿತ್ತು. ಬುಧವಾರ ಮಧ್ಯಾಹ್ನ ಮೂರಕ್ಕೆ, ಫಿಟ್ಟರುಗಳು ಕೆಲಸ ಮುಗಿಸಿ ಬರುವ ಹೊತ್ತಿಗೆ, ಇಬ್ಬರೂ ಅಲ್ಲಿಗೆ ಹೋದರು. ಬಿಚ್ಚಿದ ವಾಷಿಂಗ್ ಮೆಷಿನ್ನುಗಳ ನಡುವೆ ಸೂಪರ್‌ವೈಸರ್ ಕುಳಿತಿದ್ದರು. ಕೇಳಿದ್ದಕ್ಕೆ ಸಂಕೋಚವಿಲ್ಲದೆ ಉತ್ತರ ಕೊಟ್ಟರು.

"ಎಲ್ಲಾರೂ ಮಾಡೋದೇ ಸಾರ್. ಖಾತೆ ತೆರೀಬೇಕು, ಇಮೇಲ್ ಕೊಡಿ ಅಂದ್ರೆ ವಯಸ್ಸಾದವ್ರು ಕಣ್ ಕಣ್ ಬಿಡ್ತಾರೆ. ಪಾಸ್‌ವರ್ಡ್ ಅಂದ್ರೆ ಮಗಳನ್ನ ಕೇಳ್ತೀನಿ ಅಂತಾರೆ. ಕಂಪನಿಯವ್ರು ಒಂದ್ ಮನೆಗೆ ಕೊಡೋದು ನಲವತ್ತು ನಿಮಿಷ. ಅದಕ್ಕೇ ಫಿಟ್ಟರ್ ತನ್ನ ಖಾತೇಲೇ ಹಾಕಿ ಮುಗಿಸ್ತಾನೆ. ಆಮೇಲೆ ಬದಲಾಯಿಸ್ತೀನಿ ಅಂತಾನೆ."

"ಬದಲಾಯಿಸ್ತಾರಾ?"

ಸೂಪರ್‌ವೈಸರ್ ನಕ್ಕರು. "ಆಮೇಲೆ ಅನ್ನೋದು ಯಾವತ್ತು ಬಂದಿದೆ ಸಾರ್?"

"ಕಂಪನಿಗೆ ಗೊತ್ತಾ?"

"ಒಂದೇ ಖಾತೇಲಿ ಅರವತ್ತು ಮನೆ ಇದ್ರೆ ಗೊತ್ತಾಗ್ದೇ ಇರುತ್ತಾ?"

ಆ ಮನೆಗೆ ಹೋಗಿದ್ದ ಫಿಟ್ಟರ್ ಮೂರೂ ನಲವತ್ತಕ್ಕೆ ಬಂದ. ಮೂವತ್ತೈದರ ಆಸುಪಾಸು. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ನಿಂತ.

"ಫೋನ್ ಕೊಡಪ್ಪಾ."

ಎಡಗೈಯಿಂದ ಕೊಟ್ಟ. ಪರದೆಯ ಮೇಲೆ ಅರವತ್ತಮೂರು ಮನೆಗಳ ಪಟ್ಟಿಯಿತ್ತು. 'ಮೂರನೇ ಮಹಡಿ ವಕೀಲರು', 'ಅವಳಿ ಮಕ್ಕಳ ಮನೆ', 'ನರ್ಸಮ್ಮ ಅಡುಗೆಮನೆ'. ಕೊನೆಯದರ ಮುಂದೆ ಮಾತ್ರ ನಕ್ಷತ್ರದ ಗುರುತಿತ್ತು. ಆ ದಿನದ ಪೂರ್ತಿ ದಾಖಲೆಯೂ ಸಿಕ್ಕಿತು. ಇನ್‌ಸ್ಪೆಕ್ಟರ್ ಅದನ್ನು ಹಾಕಲು ಹೋಗಿ ಕೈ ಹಿಂದೆಗೆದುಕೊಂಡರು. "ನೀವೇ ಕೇಳಿ. ಎಷ್ಟು ಬೇಕೋ ಅಷ್ಟೇ."

ರೈಟರಮ್ಮ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಲೆಗೆ ಹೋದರು. ನಾಲ್ಕು ನಿಮಿಷದ ನಂತರ ಬಂದವರ ಕಣ್ಣು ಕೆಂಪಾಗಿತ್ತು. "ಆ ಮಾತಾದ್ಮೇಲೆ ಅಳ್ತಾರೆ. ಆಮೇಲೆ ಅವರನ್ನ ಮಗ್ಗುಲು ತಿರುಗಿಸಿ, ತಪ್ಪಾಯ್ತು ಕಣ್ರೀ ಅಂತ ತಲೆ ಬಾಚ್ತಾರೆ. ಇವನು ಅದನ್ನೆಲ್ಲಾ ಕತ್ತರಿಸಿದಾನೆ ಸಾರ್."

ನಾಲ್ಕೂ ನಲವತ್ತಕ್ಕೆ ಬಂಧಿಸಿದರು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಬಾಗಿಲು ಮುಚ್ಚಿತ್ತು.

"ಆ ತಮ್ಮನಿಗೇ ಯಾಕೆ ಕಳಿಸ್ದೆ?"

"ಪೆಟ್ಟಿಗೆ ತಗೊಂಡವ್ರು ಅವ್ರೇ. ರಸೀದೀಲಿ ನಂಬರ್ ಇತ್ತು."

"ನರ್ಸಮ್ಮ ನಿನಗೇನು ಮಾಡಿದ್ರು?"

ಅವನು ಬಲಗೈಯನ್ನು ಹೊರತೆಗೆದು ಮೇಜಿನ ಮೇಲಿಟ್ಟ. ಹೆಬ್ಬೆರಳು ತನ್ನಷ್ಟಕ್ಕೆ ಅದುರುತ್ತಿತ್ತು.

"ಫಿಟ್ ಮಾಡಿ ಮೆಟ್ಲು ಇಳೀತಿದ್ದೆ. ದನಿ ಬರುತ್ತಾ ಅಂತ ಫೋನಲ್ಲಿ ನೋಡ್ದೆ. ಯಜಮಾನರಿಗೆ ಹೇಳ್ತಿದ್ರು. ಆ ಹುಡುಗನ ಕೈ ನೋಡಿದ್ರಾ, ಈ ವಯಸ್ಸಿಗೇ ನಡುಕ ಶುರುವಾಗಿದೆ, ಅದು ಬರೀ ಸುಸ್ತಲ್ಲ, ಪಾಪ, ಇನ್ನೂ ಗೊತ್ತಿಲ್ಲ ಅನ್ಸುತ್ತೆ ಅಂತ."

"ನಿಜಾನಾ?"

"ಡಾಕ್ಟ್ರು ಅದನ್ನೇ ಹೇಳಿದ್ರು. ವಾಸಿಯಾಗೋ ಕಾಯ್ಲೆ ಅಲ್ವಂತೆ." ಕೈಯನ್ನು ಮತ್ತೆ ಜೇಬಿಗೆ ಹಾಕಿದ. "ನನ್ನ ಮುಖಕ್ಕೆ ಹೇಳ್ಲಿಲ್ಲ. ಮತ್ತೆ ಏನಾದ್ರೂ ಅಂತಾರೇನೋ ಅಂತ ಎರಡು ತಿಂಗಳು ದಿನಾ ಕೇಳ್ದೆ. ಹಾಲಿನ ವಿಷಯ ಹೇಳಿದ್ರು, ಮಂಡಿ ವಿಷಯ ಹೇಳಿದ್ರು. ನನ್ನ ಸುದ್ದೀನೇ ಎತ್ತಲಿಲ್ಲ. ಆವತ್ತು ಯಜಮಾನರಿಗೇ ಹೊರಟುಬಿಡಿ ಅಂದ್ರು. ಕೈಲಾಗದವ್ರಿಗೆ ಕೊನೆಗೆ ಎಲ್ಲಾರೂ ಹೇಳೋದು ಇದನ್ನೇ ಅನ್ನಿಸ್ತು. ನನಗೂ ಒಂದಿನ ಯಾರೋ ಹೇಳ್ತಾರೆ. ಆ ಸಿಟ್ಟಲ್ಲಿ ಅಷ್ಟನ್ನೇ ಕತ್ತರಿಸಿ ಕಳಿಸ್ದೆ."

ರೈಟರಮ್ಮ ಬರೆದದ್ದನ್ನು ಓದಿ ಹೇಳಿದರು. ಅವನು ಎಡಗೈಯಿಂದ ಸಹಿ ಮಾಡಿದ.

ಗುರುವಾರ ಆಂಬುಲೆನ್ಸ್ ಬರಲಿಲ್ಲ. ಕತ್ತರಿಸಿದ ಭಾಗದಲ್ಲಿ ಏನಿತ್ತೆಂದು ತಿಳಿದ ವ್ಯಾಪಾರಿ ದೂರನ್ನು ಹಿಂದಕ್ಕೆ ಪಡೆದು, ಠಾಣೆಯಲ್ಲೇ "ತಪ್ಪಾಯ್ತು ಅತ್ತಿಗೆ" ಎಂದರು.

"ನನ್ನ ಮಾತು ಕೇಳ್ಬೇಕು ಅಂತಿದ್ರೆ ಮನೆಗೆ ಬಂದು ಕೂತು ಕೇಳ್ಬೋದಿತ್ತಪ್ಪಾ," ಎಂದರು ನರ್ಸಮ್ಮ. "ಆರು ವರ್ಷದಲ್ಲಿ ಎಷ್ಟು ಸಲ ಬಂದೆ?"

ಹನ್ನೆರಡು ದಿನದ ನಂತರ ಒಂದು ಸಹಿ ಬಾಕಿಯಿದೆಯೆಂದು ಇನ್‌ಸ್ಪೆಕ್ಟರ್ ಆ ಮನೆಗೆ ಹೋದರು. ಸಹಿ ನೆಪ, ಕ್ಷಮೆ ಕೇಳಬೇಕಿತ್ತು. ಕೇಳಿದರು. ಆಕೆ ತಲೆಯಾಡಿಸಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಂಚದ ಮೇಲಿನ ಮನುಷ್ಯ ಕಣ್ಣು ತೆರೆದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು.

"ಮಾತಾಡಿಸಿ ಅಮ್ಮಾ. ಈಗ ಯಾರೂ ಕೇಳ್ತಿಲ್ಲ."

"ಗೊತ್ತು ಸಾರ್. ಆದ್ರೂ ಬಾಯಿ ಬರ್ತಿಲ್ಲ."

ಕಂಪನಿಗೆ ಮೂರು ಪತ್ರ ಹೋಗಿವೆ. ಮೂರಕ್ಕೂ 'ತಲುಪಿದೆ' ಎಂದಷ್ಟೇ ಉತ್ತರ ಬಂದಿದೆ. ಉಳಿದ ಅರವತ್ತೆರಡು ಮನೆಗಳಿಗೂ ಕಾನ್‌ಸ್ಟೆಬಲ್‌ಗಳು ಹೋಗಿ ತಿಳಿಸಿದರು. ಹತ್ತೊಂಬತ್ತು ಮನೆಯವರು ಪೆಟ್ಟಿಗೆ ತೆಗೆಸಿದರು, ಮಿಕ್ಕವರು ನೋಡೋಣ ಎಂದರು. ಆ ಅಡುಗೆಮನೆಯ ಎರಡು ತಿಂಗಳ ಮಾತಿನ ಪ್ರತಿ ಇನ್ನೂ ಎಲ್ಲೆಲ್ಲಿದೆ, ಇನ್ನೆಷ್ಟು ಜನ ಕೇಳಿದ್ದಾರೆ, ಎರಡನೇ ಆರೋಪಿಯ ಮೇಲಿನ ಆರೋಪ ನಿಲ್ಲುತ್ತದೆಯೋ ಇಲ್ಲವೋ, ಇದು ಯಾವುದೂ ಕಡತದಲ್ಲಿಲ್ಲ. ನರ್ಸಮ್ಮ ಗಂಡನ ಜೊತೆ ಮತ್ತೆ ಮಾತಾಡತೊಡಗಿದರೇ ಎಂಬುದೂ ಗೊತ್ತಿಲ್ಲ.