ಪರದೆಯ ಅಂಚಿನಲ್ಲಿ ಐದೇ ಎಲೆ

"ನನ್ನ ಮಷಿನ್‌ನಿಂದ ಕೈ ತೆಗೀರಿ!"

ಚಿಕ್ಕಪ್ಪನ ಪರದೆ ಕಾರ್ಖಾನೆಯಲ್ಲಿ ಅವಳ ಕಸೂತಿ ಯಂತ್ರದ ಮುಂದೆ ಕೂತಿದ್ದವನು ಬೆಚ್ಚಿ ತಿರುಗಿದ. ಕನ್ನಡಕದೊಳಗಿನ ಆ ಕಣ್ಣುಗಳು... ಛೆ! ಕಣ್ಣು ನೋಡಿ ನಂಬುವ ಕಾಲ ಅವಳಿಗೆ ಮುಗಿದಿತ್ತು. ಈ ಹಿಂದೆ ಬಂದಿದ್ದ ತಂತ್ರಜ್ಞ ನಗುನಗುತ್ತಲೇ ಅವಳ ನಕ್ಷೆಗಳನ್ನೆಲ್ಲ ಕದ್ದೊಯ್ದಿದ್ದ.

"ನಿಮ್ಮ ಚಿಕ್ಕಪ್ಪನವರೇ ಕರೆಸಿದ್ದು" ಎಂದ ಕನ್ನಡಕದವನು. "ಇದರೊಳಗೆ ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆ ಕೂರಿಸಿದ್ದೀನಿ. ಇನ್ಮೇಲೆ ಹೊಸ ನಕ್ಷೆಗೆ ಯಾರನ್ನೂ ಕಾಯ್ಬೇಕಿಲ್ಲ. ನೀವೇ ನಾಲ್ಕು ಸಾಲು ಬರೀರಿ, ಯಂತ್ರ ಹೊಲಿಯುತ್ತೆ."

'ಕಲಿಸುವ ನೆಪದಲ್ಲಿ ಇವನೂ ಕದಿಯಲು ಬಂದವನೇ?'

ಅವನು ಕಲಿಸಿದ. ಅವಳು ಕಲಿತಳು. ಆದರೆ ಕಿವಿಗಿಂತ ಕಣ್ಣೇ ಚುರುಕಾಗಿತ್ತು. ಅವನ ಬೆರಳು ಯಾವ ಕಡತ ತೆರೆಯುತ್ತದೆಂದು ಕಾಯುವುದರಲ್ಲೇ ಅರ್ಧ ಪಾಠ ಕಳೆಯಿತು. ಆದರೂ ಸಂಜೆಗೆ ಅವಳೇ ಬರೆದ ಐದೆಸಳಿನ ಹೂವು ಬಟ್ಟೆಯ ಮೇಲೆ ಅರಳಿತು! ಅವನು ಅವಳಿಗಿಂತ ಜೋರಾಗಿ ನಕ್ಕ. ಅವಳಿಗೆ ಯಾಕೋ ಆ ನಗು ಇಷ್ಟವಾಯಿತು. ಅದಕ್ಕೇ ಅವಳ ಅನುಮಾನ ಇನ್ನೂ ಹೆಚ್ಚಿತು.

ಮರುದಿನ ಬೆಳಿಗ್ಗೆ ಹನ್ನೆರಡು ಕಿಟಕಿ ಪರದೆ ಹಾಳಾದವು. ಅಂಚಿನಲ್ಲಿ ನಲವತ್ತು ಎಲೆ ಬರಬೇಕಿದ್ದ ಕಡೆ ಐದೇ ಎಲೆ!

"ಇವರೇ ಏನೋ ಮಾಡಿದ್ದಾರೆ ಚಿಕ್ಕಪ್ಪ! ನಿನ್ನೆವರೆಗೂ ಸರಿಯಿತ್ತು!"

ಎಲ್ಲರೂ ಅವನತ್ತ ತಿರುಗಿದರು. ಅವನು ಹಾಳಾದ ಪರದೆ ನೋಡಿದ, ಯಂತ್ರ ಪರೀಕ್ಷಿಸಿದ, ಕೀಲಿಮಣೆಯಲ್ಲಿ ಏನೋ ಒತ್ತಿದ. ಆಮೇಲೆ ತಲೆ ತಗ್ಗಿಸಿದ.

"ತಪ್ಪು ನಂದೇ ಸರ್."

"ಹಾಗಾದ್ರೆ ನಾಳೆಯಿಂದ ಬರೋದು ಬೇಡಪ್ಪ" ಎಂದರು ಚಿಕ್ಕಪ್ಪ.

ಗೆದ್ದೆ ಅನ್ನಿಸಬೇಕಿತ್ತು. ಅವಳಿಗೆ ಊಟವೇ ಸೇರಲಿಲ್ಲ. ಹೋಗುವ ಮುಂಚೆ ಏನು ಕದ್ದನೋ ನೋಡೋಣ ಎಂದು ತನ್ನ ಹೂವಿನ ಕಡತ ತೆರೆದಳು. ಬೆಳಿಗ್ಗೆ ಯಂತ್ರ ಪರೀಕ್ಷಿಸುವಾಗ ಅವನು ಅದನ್ನು ತಿದ್ದಿದ್ದ. ಸಿಕ್ಕಿಬಿದ್ದ ಕಳ್ಳ!

ತಿದ್ದಿದ್ದು ಒಂದೇ ಪದ. ಅವಳು ಎಸಳಿನ ಲೆಕ್ಕಕ್ಕೆ 'ಕೌಂಟ್' ಎಂದು ಹೆಸರಿಟ್ಟಿದ್ದಳು. ಅದರ ಮುಂದೆ ಅವನು 'ಲೋಕಲ್' ಎಂದು ಸೇರಿಸಿದ್ದ. ಪಕ್ಕದಲ್ಲೇ ಟಿಪ್ಪಣಿ: "ಇದನ್ನು ಬರೆದರೆ ಈ ಹೆಸರು ಈ ಹೂವಿಗೆ ಮಾತ್ರ; ಬರೆಯದಿದ್ದರೆ ಇಡೀ ಯಂತ್ರದ್ದಾಗುತ್ತದೆ. ಇದೇ ಹೆಸರಿನ ಎಲೆಗಳ ಲೆಕ್ಕವೂ ಐದಾಗಿಬಿಡುತ್ತದೆ."

ಪಾಠದಲ್ಲಿ ಅವನು ಇದನ್ನು ಎರಡು ಸಲ ಹೇಳಿದ್ದ. ಅವಳು ಅವನ ಬೆರಳು ಕಾಯುತ್ತಿದ್ದಳು!

"ಚಿಕ್ಕಪ್ಪ, ತಪ್ಪು ನಂದು! ಅವರನ್ನ ಕಳಿಸ್ಬೇಡಿ!" ಎಲ್ಲರೆದುರೇ ಕೂಗಿ ಹೇಳಿ, ಗೇಟು ದಾಟುತ್ತಿದ್ದ ಅವನತ್ತ ಓಡಿದಳು.

"ಯಾಕೆ ಸುಳ್ಳು ಹೇಳಿದ್ರಿ?"

"ನೀವು ಮೊದಲ ಸಲ ಬರೆದಿದ್ದು ಅದು. ಅಷ್ಟು ಜನರ ಮುಂದೆ ತಪ್ಪು ಅಂದಿದ್ರೆ ಮತ್ತೆ ಬರೀತಾನೇ ಇರ್ಲಿಲ್ಲ."

"ಅಷ್ಟೇನಾ?"

ಅವನ ಕಿವಿ ಕೆಂಪಾಯಿತು. "ಅಷ್ಟೇ ಅಲ್ಲ... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು. "ನನಗಿನ್ನೂ ಒಂದು ಅನುಮಾನ ಇದೆ."

"ಏನು?"

"ನಾಳೆ ಬರ್ತೀರೋ ಇಲ್ವೋ ಅಂತ."

"ನೀವು ಸಾಕು ಅನ್ನೋವರೆಗೂ ಬರ್ತೀನಿ."

"ಹಾಗಾದ್ರೆ ಮುದುಕ ಆಗೋವರೆಗೂ ಬರ್ಬೇಕಾಗುತ್ತೆ, ನೋಡಿ!"