ಮೂಲೆಯ ದುಂಡು ಬಟನ್

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಬಾಲರಾಜುವಿಗೆ ತಲೆ ಕೆಟ್ಟುಹೋಯಿತು. ಎಕ್ಸೆಲ್‌ನಲ್ಲಿ ಫೈಲ್ ಮೆನು ಇಲ್ಲ, ಎಡಿಟ್ ಮೆನು ಇಲ್ಲ. ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ ಜಾಗದಲ್ಲೆಲ್ಲ ಏನೇನೋ ಚಿತ್ರಗಳು. ಗೇಟಿನಲ್ಲಿ ಲಾರಿ ನಿಂತಿತ್ತು. ಸರಕಿನ ಚಲನ್ ಪ್ರಿಂಟ್ ಆಗದೆ ಬಿಡದಿಯ ಆ ಹೊಸ ಫ್ಯಾಕ್ಟರಿಯಿಂದ ಒಂದು ಬೋಲ್ಟೂ ಆಚೆ ಹೋಗುವಂತಿರಲಿಲ್ಲ.

“ಯಾವನ್ಲಾ ಇದನ್ನ ಹಾಳ್ ಮಾಡಿದ್ದು?” ಎಂದು ಮೌಸ್ ಕುಟ್ಟಿದ.

ಪಕ್ಕದ ಟೇಬಲ್ಲಿನ ರಾಧಾಮಣಿ ಎದ್ದು ಬಂದಳು.

“ಹಾಳಾಗಿಲ್ಲ ಕಣ್ರೀ, ಹೊಸ ಎಕ್ಸೆಲ್ ಹಾಕವ್ರೆ. ಪಾಪ, ಮೌಸ್ ಏನ್ ಮಾಡ್ತು? ಕೊಡಿ ಇತ್ತ.”

ಬಗ್ಗಿ, ಮೇಲಿನ ಮೂಲೆಯ ದುಂಡನೆಯ ಗುರುತನ್ನು ಒತ್ತಿದಳು. ಪ್ರಿಂಟ್ ಅದರೊಳಗೆ ಅಡಗಿತ್ತು.

“ಅದು ಬರೀ ಕಂಪನಿ ಮುದ್ರೆ ಅಂದ್ಕಂಡಿದ್ದೆ.”

“ನಾನೂ ಹಂಗೇ ಅಂದ್ಕಂಡಿದ್ದೆ,” ಎಂದು ನಕ್ಕಳು. ಜಡೆಯ ಕನಕಾಂಬರ ಅವನ ಭುಜಕ್ಕೆ ತಾಗಿಯೂ ತಾಗದ ಹಾಗೆ ತೂಗಿತು. ಅವನ ಸಿಟ್ಟು ಎತ್ತ ಹೋಯಿತೋ.

ನಿಜ ಹೇಳಬೇಕೆಂದರೆ, ಆ ವಾರ ಕಳೆಯುವಷ್ಟರಲ್ಲಿ ಅವನಿಗೆ ಎಲ್ಲವೂ ಬರುತ್ತಿತ್ತು. ಊಟದ ಹೊತ್ತಿನಲ್ಲಿ ಒಬ್ಬನೇ ಕೂತು ಒಂದೊಂದೇ ಚಿತ್ರ ಒತ್ತಿ ಕಲಿತಿದ್ದ. ಆದರೂ ಕರೆಯುತ್ತಿದ್ದ.

“ರಾಧಾಮಣಿ, ಈ ಮೇಲಿನ ಸಾಲು ಅಲ್ಲಾಡದಂಗೆ ನಿಲ್ಸೋದು ಎಲ್ಲೈತೆ?”

“ನೆನ್ನೆ ತೋರಿಸಿದ್ನಲ್ಲ.”

“ಮರ್ತೋಯ್ತು.”

“ಮಧ್ಯಾಹ್ನದ ಊಟ ಮರೀತೀರಾ?” ಓರೆಗಣ್ಣಲ್ಲಿ ನೋಡುತ್ತಲೇ ಬರುತ್ತಿದ್ದಳು.

“ಲೇ ಬಾಲ, ಮುದ್ದೆ ನುಂಗೋದೂ ಅವ್ರೇ ಹೇಳ್ಕೊಡ್ಬೇಕೇನ್ಲಾ?” ಎಂದು ಸ್ಟೋರ್ಸಿನ ವಹಾಬ್ ಛೇಡಿಸುತ್ತಿದ್ದ.

ಬಾಲರಾಜು, ರಾಧಾಮಣಿ ಇಬ್ಬರದೂ ಒಂದೇ ಜಾತಿ. ಹೊಲ ಮನೆ ಸರಿಸಮ. ತಮ್ಮೂರು ಕೈಲಾಂಚದಿಂದ ಬಾಲರಾಜುವಿನ ಅಪ್ಪ ಹೋಗಿ ಹೆಣ್ಣು ಕೇಳಿದ್ದರೆ ಇಲ್ಲವೆನ್ನುವವರಿರಲಿಲ್ಲ. ಅಡ್ಡ ಇದ್ದದ್ದು ಅವನ ನಾಲಿಗೆಯೊಂದೇ. ಬೈಯುವಾಗ ಊರಿಗೆಲ್ಲ ಕೇಳುವ ಬಾಯಿ, ಪ್ರೀತಿಯ ಮಾತಿಗೆ ಮಾತ್ರ ಹೊಲಿದುಕೊಂಡರೆ ಏನನ್ನಬೇಕು?

ಒಂದು ಶನಿವಾರ ಅವಳು ಬ್ಯಾಗು ಹೆಗಲಿಗೇರಿಸಿ ಅವನ ಟೇಬಲ್ಲಿನ ಹತ್ತಿರ ನಿಂತಳು.

“ನಾಳೆ ಕಲ್ಯದಿಂದ ಗಂಡಿನೋರು ನನ್ನ ನೋಡಕ್ಕೆ ಬತ್ತಾವ್ರೆ.”

ಅವನ ಕೈ ಕೀಬೋರ್ಡಿನ ಮೇಲೇ ನಿಂತಿತು.

“ಇನ್ನೇನಾರ ಕೇಳೋದೈತಾ?” ಎಂದಳು, ಮೆಲ್ಲಗೆ.

ಕೇಳಬೇಕೆಂದಿದ್ದದ್ದು ಒಂದು. ಬಾಯಿಂದ ಬಿದ್ದದ್ದು ಇನ್ನೊಂದು.

“ಪ್ರಿಂಟು... ಎಲ್ಲಿ ಅಂದ್ರಿ?”

ಅವಳು ಅವನನ್ನೇ ನೋಡಿದಳು. ಆಮೇಲೆ ಬಗ್ಗಿ ದುಂಡು ಬಟನ್ ಒತ್ತಿ, “ಇಲ್ಲಿ,” ಎಂದು ಹೊರಟುಹೋದಳು.

ಕಲ್ಯದವರು ಒಪ್ಪಿದರು. ಕೆಲಸ ಬಿಡುವ ದಿನ ಎಲ್ಲರಿಗೂ ಮೈಸೂರು ಪಾಕ್ ಹಂಚುತ್ತ ಅವಳು ಅವನ ಬಳಿಗೂ ಬಂದಳು. ಬಾಲರಾಜು ತಡೆಯಲಾಗದೆ ಹೇಳಿಬಿಟ್ಟ.

“ನಂಗೆ ಇದೆಲ್ಲಾ ಬತ್ತಿತ್ತು. ಮೊದಲ್ನೇ ವಾರದಿಂದ್ಲೂವೆ. ನೀವು ಬರ್ಲಿ ಅಂತ ಕರೀತಿದ್ದೆ.”

“ಗೊತ್ತು. ನಾನು ಜ್ವರ ಬಂದು ಮಲಗಿದ್ದಾಗ್ಲೂ ನೀವ್ ತೆಗ್ದ ಚಲನ್ ಹಿಡ್ದು ಲಾರಿ ಹೊಂಟಿದ್ವಂತಲ್ಲ. ವಹಾಬಣ್ಣ ಹೇಳ್ತು.”

“ಗೊತ್ತಿದ್ದೂ ಯಾಕ್ ಬತ್ತಿದ್ರಿ?”

“ನೀವು ಯಾಕ್ ಕರೀತಿದ್ರೋ, ಅದ್ಕೇ.”

“ನಮ್ಮಪ್ಪನ್ನ ಇವತ್ತೇ ಕಳುಸ್ತೀನಿ.”

“ತಾಂಬೂಲ ಆಗೋಯ್ತು, ಬಾಲರಾಜು. ಎಲೆ ಅಡಿಕೆ ಬದಲಾದ್ಮೇಲೆ ನಮ್ಮಪ್ಪ ಮಾತು ತಪ್ಪಲ್ಲ. ನಾನೂ ತಪ್ಸಲ್ಲ. ಒಸಿ ಮುಂಚೆ ಕೇಳ್ಬಾರ್ದಿತ್ತಾ?”

ಗೇಟಿನಲ್ಲಿ ಲಾರಿ ಹಾರನ್ ಹೊಡೆಯಿತು. ಅಭ್ಯಾಸಬಲದಿಂದ ಅವಳ ಕೈ ಮೌಸಿನತ್ತ ಹೋಯಿತು. ಅರ್ಧದಲ್ಲೇ ಹಿಂದೆ ಸರಿಯಿತು.

“ನೀವೇ ಒತ್ತಿ. ನೋಡ್ತೀನಿ.”

ಅವನು ಒತ್ತಿದ. ಹುಡುಕದೆ, ತಡವರಿಸದೆ. ಪ್ರಿಂಟರ್ ಚಲನ್ ಹೊರಹಾಕುವಷ್ಟರಲ್ಲಿ ಕನಕಾಂಬರದ ಜಡೆ ಬಾಗಿಲು ದಾಟಿತ್ತು.